ಅಮೆರಿಕದ ಕಲ್ಲಯ್ಯನ ಹತ್ತು ಸಾಲು

ಶಹಾಪುರ
೧೭ ಡಿಸೆಂಬರ್ ೨೦೨೫

ಪ್ರೀತಿಯ ತಮ್ಮ ಸಂಗಮನಾಥನಿಗೆ,

ಅಕ್ಕ ಕಸ್ತೂರಿಯ ಆಶೀರ್ವಾದ. ನಾವಿಲ್ಲಿ ಚೆನ್ನಾಗಿದ್ದೇವೆ. ಈ ಮಾತನ್ನು ಸುಳ್ಳಿಲ್ಲದೆ ಬರೆಯಲು ಆದದ್ದು ಮೊನ್ನೆ ಸೋಮವಾರದಿಂದ, ಅದಕ್ಕೇ ಪತ್ರ ತಡ. ದೀಪಾವಳಿಗೆ ಬರೆಯುತ್ತೇನೆಂದವಳು ಎಳ್ಳಮಾವಾಸ್ಯೆಗೆ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಸ್ಪೀಕರ್ ಹಾಕಿ ಅರ್ಧ ಯಾದಗಿರಿಗೆ ಕೇಳಿಸುತ್ತೀ.

ನಾನು ಕರಡು ತಿದ್ದುವ ವಾರಪತ್ರಿಕೆ ನಿಮ್ಮ ಮನೆಗೂ ಬರುತ್ತದಲ್ಲ, ಅದರಲ್ಲಿ ‘ಅಮೆರಿಕದ ಅರಳಿಕಟ್ಟೆ’ ಎಂಬ ಅಂಕಣ ಬರೆಯುವ ಕ್ಲೈಡ್ ಬೆನ್ನಿಂಗರ್ ಎಂಬ ಮುದುಕ ನಿಜವಾಗಿಯೂ ಇದ್ದಾನೆ. ಅಷ್ಟನ್ನು ನಂಬು. ತನ್ನ ಜೋಳದ ಹೊಲದ ಮಧ್ಯೆ ಕೂತು, ಸರ್ಕಾರ ಕಮ್ಮಿ ಇರಲಿ, ತೆರಿಗೆ ಕಮ್ಮಿ ಇರಲಿ, ಸಿನಿಮಾದವರು ಉಪದೇಶ ಕಮ್ಮಿ ಮಾಡಲಿ ಎಂದು ವಾರಕ್ಕೊಮ್ಮೆ ಬೈಯುತ್ತಾನೆ. ನಮ್ಮ ಮಾಲೀಕರಾದ ಬೇಳೆ ಮಿಲ್ಲಿನ ಅಯ್ಯಣ್ಣನವರಿಗೆ ಅವನೆಂದರೆ ಪ್ರಾಣ. ಅವನಿಂದ ಒಪ್ಪಿಗೆ ತರಿಸಿ, ಭಾಷಾಂತರವನ್ನು ನನ್ನ ಕೊರಳಿಗೆ ಕಟ್ಟಿದರು. “ನಮ್ಮೂರ ಶ್ಯಾಣ್ಯಾ ಹೇಳಿದ್ರ ಯಾರ ಕೇಳ್ತಾರವ್ವಾ? ನಮ್ಮ ಬಾವಿ ನೀರನ್ನೇ ಬಾಟ್ಲ್ಯಾಗ ತುಂಬಿ ಕೊಟ್ರ ಕುಡೀತಾರ” ಎಂದರು.

ಬಿ.ಎ. ಆದವಳಿಗೆ ಇಂಗ್ಲಿಷ್ ಬರುತ್ತದೆಂದು ಅವರು ನಂಬಿದ್ದರು. ಅದು ಕನ್ನಡ ಮಾಧ್ಯಮದ ಬಿ.ಎ. ಎಂದು ನಾನು ನೆನಪಿಸಲಿಲ್ಲ. ಫೋನು ಅರ್ಧ ಕನ್ನಡ ಮಾಡಿತು, ನಿಘಂಟು ಒಂದಿಷ್ಟು. ತಿಳಿಯದ ಕಡೆ ಹಾರಿದೆ. ಹಾರಿದ ಕಡೆ ಜಾಗ ಉಳಿಯಿತು. ಉಳಿದ ಜಾಗಕ್ಕೆ ನಮ್ಮ ಅತ್ತೆಯ ಮಾತು ತುಂಬಿದೆ. ಗೊಲ್ಲಾಳಮ್ಮನವರು ಒಲೆಯ ಮುಂದೆ ಕೂತು ಲೋಕವನ್ನು ಬೈಯುವುದಕ್ಕೂ ಕ್ಲೈಡ್ ಬೈಯುವುದಕ್ಕೂ ಅಂಥ ವ್ಯತ್ಯಾಸವಿಲ್ಲ, ಇವರು ಬೈಯುವಾಗ ರೊಟ್ಟಿಯೂ ಬೇಯುತ್ತದೆ. “ಪುಕ್ಕಟೆ ಕೊಡಾಂವ ಪಕ್ಕಾ ಕೆಡಸಾಂವ” ಅವರದು. “ಓಟಿಗೆ ಮುಂಚೆ ಕೈ ಮುಗಿತ, ಓಟಾದ ಮೇಲೆ ಕಥೆ ಮುಗಿತ” ನನ್ನದು. ಎರಡಕ್ಕೂ ಓದುಗರು ಅಮೆರಿಕವನ್ನು ಮೆಚ್ಚಿದರು. ಅತ್ತೆಯೂ ಅಂಕಣ ಓದಿಸಿಕೊಂಡು, “ನೋಡು, ಆ ಕಲ್ಲಯ್ಯ ಅಷ್ಟು ದೂರ ಕುಂತು ಎಷ್ಟು ಖರೇ ಹೇಳ್ತಾನ! ಈ ಮನ್ಯಾಗ ನನ್ನ ಮಾತ ಯಾರ ಕೇಳ್ತೀರಿ?” ಅನ್ನುತ್ತಿದ್ದರು. ಕ್ಲೈಡ್ ಅವರ ಬಾಯಲ್ಲಿ ಕಲ್ಲಯ್ಯನಾಗಿದ್ದ.

ಹದಿನೈದು ದಿನದ ಹಿಂದೆ ಆ ಕಲ್ಲಯ್ಯ ಕಾಲೇಜುಗಳ ಮೇಲೆ ಬರೆದ. ದುಬಾರಿ ಡಿಗ್ರಿಗಿಂತ ಕೈಕಸಬು ವಾಸಿ ಎಂಬ ವಾದ. ಕೊನೆಯ ಪ್ಯಾರಾ ನನಗೆ ತಿಳಿಯಲಿಲ್ಲ. ಪುಟ ಅಚ್ಚಿಗೆ ಹೋಗಬೇಕು, ಹತ್ತು ಸಾಲು ಖಾಲಿ. ನಾನೇ ತುಂಬಿದೆ. ಕೊನೆಯ ಸಾಲು ಹೀಗಿತ್ತು: “ಹೆಣ್ಣಿಗೆ ಇಷ್ಟು ಸಾಕು, ಉಳಿದದ್ದು ಒಲೆಗೆ ಹಾಕು.” ಅದನ್ನು ದಪ್ಪಕ್ಷರದಲ್ಲಿ ಹಾಕಿದೆ.

ಕಳೆದ ಶನಿವಾರ ದೇವಾಪುರದ ಮೋನಮ್ಮ ಎಂಬಾಕೆ ಕಚೇರಿ ಹುಡುಕಿಕೊಂಡು ಬಂದಳು. ಮಗಳು ಮೌನೇಶ್ವರಿ ಸುರಪುರದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಗಂಡ ಖಂಡಪ್ಪ ನಮ್ಮ ಅಂಕಣ ಕತ್ತರಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಅಮೆರಿಕದವರೇ ಹೇಳಿದ ಮೇಲೆ ಮುಗಿಯಿತು ಎಂದು ಕಾಲೇಜು ಬಿಡಿಸಿದ್ದಾನೆ. ಸೋಮವಾರ ಪರೀಕ್ಷೆ.

“ಆ ಅಮೆರಿಕದ ಧಣಿಗೆ ಒಂದ ಚೀಟಿ ಬರೀರಿ ಅಕ್ಕಾರ” ಎಂದಳು. “ನಮ್ಮ ಮನಿಯವರಿಗೆ ಫೋನ್ ಮಾಡಿ ಬುದ್ಧಿ ಹೇಳಂತ ಹೇಳ್ರಿ. ನಮ್ಮ ಮಾತ ಕೇಳಾಂಗಿಲ್ಲ, ಅವಂದಾದ್ರ ಕೇಳ್ತಾರ.”

“ಹುಡುಗಿ ಹ್ಯಾಂಗದಾಳ?”

“ಎರಡ ದಿನ ಆತ್ರಿ, ಉಂಡಿಲ್ಲ. ಪುಸ್ತಕ ತಲಿಗಿ ಇಟಗೊಂಡು ಮಕ್ಕೊಂಡಾಳ.”

ಕಲ್ಲಯ್ಯನಿಂದ ಮುಂದಿನ ವಾರ ಉಲ್ಟಾ ಮಾತಾಡಿಸುವುದು ನನಗೆ ಹತ್ತು ನಿಮಿಷದ ಕೆಲಸ. ಆದರೆ ಪತ್ರಿಕೆ ಬರುವುದು ಶುಕ್ರವಾರ. ಪರೀಕ್ಷೆ ಕಾಯುವುದಿಲ್ಲ. ಮೋನಮ್ಮನಿಗೆ, ನಾಳೆ ನಾನೇ ಬರುತ್ತೇನೆ ಎಂದೆ. ಆಮೇಲೆ ಆ ಬಿಟ್ಟ ಪ್ಯಾರಾವನ್ನು ನಿಘಂಟು ಹಿಡಿದು ಪದ ಪದವಾಗಿ ಬಿಡಿಸಿದೆ. ಬೆವರು ಬಂತು.

ರವಿವಾರ ಬೆಳಿಗ್ಗೆ ಅತ್ತೆಗೆ ಎಲ್ಲ ಹೇಳಿದೆ. ರೊಟ್ಟಿ ತಟ್ಟುವ ಕೈ ನಿಂತಿತು.

“ಅಂದ್ರ ಇಷ್ಟ ದಿನ ಆ ಕಲ್ಲಯ್ಯನ ಬಾಯಾಗ ನನ್ನ ನಾಲಿಗಿ ಇತ್ತೇನು?”

“ಹೌದ್ರಿ ಅತ್ತಿ.”

“ಮತ್ತ ನನ್ನ ಹೆಸರ ಯಾಕ ಹಾಕಲಿಲ್ಲ?”

ಬೈಗುಳಕ್ಕೆ ಮಾತ್ರ ತಯಾರಾಗಿ ಕೂತಿದ್ದೆ. ಅವರು ಕೈ ತೊಳೆದು, ಸೆರಗು ಹೊದ್ದು, ನನಗಿಂತ ಮೊದಲು ಚಪ್ಪಲಿ ಮೆಟ್ಟಿದರು.

ದೇವಾಪುರದಲ್ಲಿ ಖಂಡಪ್ಪ ಪೇಪರಿನವರು ಬಂದರೆಂದು ಹೊಸ ಚಾದರ ಹಾಸಿದ. ನೆರೆಯವರೂ ಬಂದು ನಿಂತರು. ಆ ಒಲೆಯ ಸಾಲು ಬರೆದವಳು ನಾನೇ, ಕ್ಲೈಡ್ ಅಲ್ಲ ಎಂದೆ. ಅವನು ಕಿಸೆಯಿಂದ ಚೂರು ತೆಗೆದು ನನ್ನನ್ನೂ ಅದನ್ನೂ ನೋಡಿದ.

“ಅಚ್ಚಾದದ್ದು ಸುಳ್ಳ ಹ್ಯಾಂಗ ಆಗ್ತದ್ರಿ?”

ಅತ್ತೆ ಮುಂದೆ ಬಂದರು. “ಆ ಮಾತು ನಂದಪಾ ಖಂಡಪ್ಪ. ನಾ ಶಹಾಪುರದ ಮುದುಕಿ. ಅಮೆರಿಕಾ ಯಾವ ದಿಕ್ಕಿಗಿ ಅದ ಅಂತ ಗೊತ್ತಿಲ್ಲ ನನಗ.”

“ಅಯ್ಯ, ಒಬ್ಬ ಮುದುಕಿ ಮಾತಿಗಿ ನಾ ಮಗಳ ಕಾಲೇಜ ಬಿಡಸೀನೇನು?”

“ಮುದುಕಿ ಮಾತಿಗಿ ಬಿಡಸಬಾರದು, ಅಮೆರಿಕದ ಮುದುಕನ ಮಾತಿಗಿ ಬಿಡಸಬಹುದೇನೋ?”

ನೆರೆಯವರಲ್ಲಿ ಯಾರೋ ಕಿಸಕ್ಕೆಂದರು. ಖಂಡಪ್ಪ ತಲೆ ತಗ್ಗಿಸಿ, “ಹಂಗಾದ್ರ ಅಂವ ಏನಂದಾನ್ರಿ?” ಎಂದ. ಬಿಡಿಸಿದ ಪ್ಯಾರಾವನ್ನು ಓದಿದೆ. ಕ್ಲೈಡನ ಮಗಳು ದನದ ಡಾಕ್ಟರು. ನಡುರಾತ್ರಿ ಕರೆದರೂ ಈಯಲಾರದ ಹಸುವಿನ ಕರು ಎಳೆಯಲು ಹೋಗುತ್ತಾಳಂತೆ. ಕೈಕಸಬು ಅಂದರೆ ಇದು, ಇವಳ ಓದಿನ ಒಂದು ದಿನವೂ ದಂಡವಾಗಲಿಲ್ಲ ಎಂದು ಆ ಬೈಗುಳದ ಮುದುಕ ಬರೆದಿದ್ದ. ಒಳಗಿನಿಂದ ಹುಡುಗಿ ಬಂದು ಬಾಗಿಲಿಗೆ ಆತು ನಿಂತಿದ್ದಳು. ಖಂಡಪ್ಪ ಅವಳ ಕಡೆ ನೋಡದೆ, “ಉಣ್ಣು ಹೋಗು. ನಾಳಿಗಿ ಲಗೂ ಏಳಬೇಕಲ್ಲ” ಎಂದ.

ಸೋಮವಾರ ಮೋನಮ್ಮ ಫೋನು ಮಾಡಿದಳು: “ಏಳೂವರಿ ಬಸ್ಸಿಗಿ ಹೋದ್ಳರಿ. ಅವರಪ್ಪನೇ ಹತ್ತಿಸಿ ಬಂದಾರ.” ನಾನು ಕರಡಿನ ಕಟ್ಟಿನ ಮೇಲೇ ಧೊಪ್ಪನೆ ಕೂತೆ. ಎದೆಯ ಮೇಲಿನ ಬೀಸುಕಲ್ಲು ಇಳಿದ ಹಾಗಾಯಿತು ಕಣೋ.

ಅಯ್ಯಣ್ಣನವರ ಮುಂದೆಯೂ ತಪ್ಪು ಒಪ್ಪಿಕೊಂಡೆ. ಒಂದು ತಾಸು ಕೂಗಾಡಿದರು. ನೌಕರಿ ಹೋಯಿತು ಅಂದುಕೊಂಡೆ. ಆಮೇಲೆ ಓದುಗರ ಪತ್ರ ತರಿಸಿ ನೋಡಿದರೆ, ಜನ ಮೆಚ್ಚಿದ್ದೆಲ್ಲ ಅತ್ತೆಯ ಮಾತು! ಈ ವಾರ ನನ್ನ ಹೆಸರಿನಲ್ಲೇ ತಪ್ಪೊಪ್ಪಿಗೆ ಬರುತ್ತದೆ. ಕ್ಲೈಡನಿಗೂ ಬರೆದಿದ್ದೇವೆ, ಉತ್ತರ ಬಂದಿಲ್ಲ. ಬೈದರೆ ಸಹಿಸುತ್ತೇನೆ, ತಿಳಿಯುವುದು ಹೇಗೂ ಅರ್ಧವೇ. ಇನ್ನು ಮುಂದೆ ಅವನನ್ನು ಇಂಗ್ಲಿಷ್ ಮೇಷ್ಟರೊಬ್ಬರು ಕನ್ನಡ ಮಾಡುತ್ತಾರೆ. ಪಕ್ಕದ ಕಾಲಂ ಗೊಲ್ಲಾಳಮ್ಮನವರದು, ಹೆಸರಿನ ಸಮೇತ. ಫೋಟೋಕ್ಕೆ ಯಾವ ಸೀರೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಮನೆಯವರೆಲ್ಲ ಸುಖವಾಗಿರಿ. ಹಬ್ಬಕ್ಕೆ ಸಜ್ಜಿ ರೊಟ್ಟಿ ಕಟ್ಟಿ ಕಳಿಸುತ್ತೇನೆ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಕಸ್ತೂರಿ

ಮತ್ತೊಂದು ಮಾತು: ದೇವಾಪುರದಿಂದ ಬರುವಾಗ ಬಸ್ಸಿನಲ್ಲಿ ಅತ್ತೆ ಕೇಳಿದರು, “ಕಸ್ತೂರಿ, ಆ ಒಲಿ ಮಾತು ನಾ ಎಂದೂ ಅಂದಿಲ್ಲ. ಯಾರದವ್ವಾ ಅದು?” ಆಡದ ಮಾತನ್ನು ಅಷ್ಟು ಜನರ ಮುಂದೆ ತನ್ನದೆಂದು ಹೊತ್ತವರಿಗೆ ಸುಳ್ಳು ಹೇಳಲಾಗಲಿಲ್ಲ. ನಮ್ಮಪ್ಪಂದು ಎಂದೆ. ನಾನು ಎಂ.ಎ.ಗೆ ತುಂಬಿಟ್ಟ ಅರ್ಜಿಯನ್ನು ಅಪ್ಪ ಆ ಮಾತು ಹೇಳುತ್ತಲೇ ಒಲೆಗೆ ಹಾಕಿದ್ದ. ನೀನೂ ಅಲ್ಲೇ ಇದ್ದೆ. ಮೊನ್ನೆ ಅಂಕಣ ಓದಿಸಿಕೊಂಡು ಅಪ್ಪ “ಭೇಷ್ ಹೇಳ್ಯಾನ” ಅಂದನೆಂದು ಫೋನಿನಲ್ಲಿ ಹೇಳಿದೆಯಲ್ಲ, ಅದು ತನ್ನದೇ ಮಾತೆಂದು ಅವನಿಗೆ ಗುರುತು ಸಿಕ್ಕಿಲ್ಲ. ಸಿಗದಿರಲಿ, ಎಂಬತ್ತರ ಹತ್ತಿರ ಬಂದವನಿಗೆ ಹೇಳಬೇಡ. ಅವತ್ತು ಅಡುಗೆಮನೆಯಲ್ಲಿದ್ದವರೆಲ್ಲ ನಕ್ಕರು. ಪ್ರಾಸ ಚೆನ್ನಾಗಿತ್ತು. ನಾನೂ ನಕ್ಕೆ.