ದಾರ ಕಟ್ಟದ ಸೀಸೆ

ಭಾನುವಾರ, ಮಾರ್ಚ್ ೧೪
ಅಡುಗೆಮನೆ ಮೇಜಿನಿಂದ

ಪ್ರೀತಿಯ ಗ್ರೀಸು,

ಹೇಗಿದ್ದೀಯಪ್ಪ? ಮೊಣಕಾಲು ಮಾತು ಕೇಳ್ತಿದೆಯಾ? ನಿನ್ನ ಹೆಂಡತಿ, ನನ್ನ ತಂಗಿ, ಚೆನ್ನಾಗಿದ್ದಾಳಾ? ನಿನ್ನ ಪತ್ರ ಬಂದು ಎಷ್ಟೋ ದಿನವಾಯ್ತು, ಉತ್ತರ ಬರೆಯೋಕೆ ಈಗ ಕೂತಿದ್ದೀನಿ. ಬೈಯೋದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ಮೊಮ್ಮಗಳಿಗೆ ಮದುವೆ ಕಣೋ, ಮುಂದಿನ ತಿಂಗಳು. ಅಡುಗೆ ಯಾರದ್ದು ಅಂತ ಕೇಳಬೇಡ. ಜೀವಮಾನವೆಲ್ಲ ಹಡಗಿನಲ್ಲಿ ಬೇಯಿಸಿದವನು ಮನೇಲಿರುವಾಗ ಹೊರಗಿನವರ ಕೈಗೆ ಸೌಟು ಕೊಟ್ಟರೆ ನಾನು ಪಂಕ್ತಿಗೇ ಕೂರಲ್ಲ ಅಂದುಬಿಟ್ಟೆ. ಮಗಳು "ಅಪ್ಪಾ, ವಯಸ್ಸು ನೋಡ್ಕೊಳ್ಳಿ" ಅಂದಳು. ನಾನು ಸೊಪ್ಪು ಹಾಕಲಿಲ್ಲ.

ಹೋದ ವಾರ ಬೀಗರು ರುಚಿ ನೋಡೋಕೆ ಬಂದಿದ್ದರು. ಒಳ್ಳೆ ಜನ. ಆದರೆ ಮೆಣಸಿನಕಾಯಿ ಹೆಸರು ಕೇಳಿದರೇ ನೀರಿನ ಲೋಟ ಹುಡುಕ್ತಾರೆ. ಹುಡುಗನ ತಾಯಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡ್ತಾರೆ. "ಕರಿ ಅಂದ್ರೆ ಆ ಹಳದಿ ಪುಡಿ ತಾನೆ?" ಅಂತ ಕೇಳಿದರು. ಸಿಕ್ಕಿದ್ದೇ ಅವಕಾಶ ಅಂತ ಶುರು ಹಚ್ಕೊಂಡೆ. ತಾಯಿ, ಥಾಯ್ ಜನರ ಕರಿ ಹಸಿರಾಗಿರುತ್ತೆ, ತೆಂಗಿನ ಹಾಲು, ನಿಂಬೆಹುಲ್ಲು ಹಾಕ್ತಾರೆ. ಜಪಾನಿನವರದು ಕಂದು ಬಣ್ಣ, ಗಟ್ಟಿ, ಸೇಬು ತುರಿದು ಹಾಕೋರೂ ಇದ್ದಾರೆ. ಇಥಿಯೋಪಿಯಾದವರು ಈರುಳ್ಳೀನ ಎಣ್ಣೆ ಇಲ್ಲದೆ ಅಷ್ಟು ಹೊತ್ತು ಬಾಡಿಸ್ತಾರಲ್ಲ, ಆ ತಾಳ್ಮೆ ನಮಗಿದ್ದಿದ್ದರೆ ನಾವು ಸನ್ಯಾಸಿಗಳಾಗ್ತಿದ್ದೆವು. ಮೊಮ್ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದ ಮೇಲೆ ನಿಲ್ಲಿಸಿದೆ.

ಹುಡುಗನ ತಂದೆ ಎಲ್ಲದರ ಮೇಲೂ ಮೊಸರು ಸುರಿದುಕೊಂಡರು. ನನಗೆ ಜೀವ ಹೋದಂಗಾಯ್ತು, ಆದರೂ ಬೀಗರಲ್ವಾ, ಬಾಯಿಗೆ ಬೀಗ. ಮಜಾ ಅಂದ್ರೆ ಹುಡುಗನ ಅಜ್ಜಿ. ಹಲ್ಲಿಲ್ಲ, ಕಿವಿ ಮಂದ. ಎಲ್ಲರೂ "ಅವರಿಗೆ ಸಪ್ಪೆ ಕೊಡಿ, ಸಪ್ಪೆ ಕೊಡಿ" ಅಂತಿದ್ದಾರೆ, ಆ ಮುದುಕಿ ಹಸಿರು ಕರಿಯ ಬಟ್ಟಲನ್ನೇ ಹತ್ತಿರಕ್ಕೆ ಎಳ್ಕೊಂಡು, ಕಣ್ಣು ಮೂಗು ಎಲ್ಲ ಸುರಿಸಿಕೊಂಡು ತಿಂದು, "ಇಷ್ಟು ದಿನ ಇದನ್ನ ಯಾಕೆ ಬಚ್ಚಿಟ್ಟಿದ್ರಿ?" ಅಂತ ಮಗನನ್ನು ಗದರಿಸಿದರು. ಊಟ ತನ್ನಿಚ್ಛೆ ಅಂತ ಸುಮ್ಮನೆ ಹೇಳಿಲ್ಲ ನೋಡು.

ನಮ್ಮ ಹಡಗಿನ ಸೀಸೆಗಳು ನೆನಪಿದೆಯಾ? ಹಡಗು ಓಲಾಡುವಾಗ ಕಣ್ಣಿಗಿಂತ ಕೈಯನ್ನೇ ನಂಬಬೇಕು ಅಂತ ಒಬ್ಬೊಬ್ಬರ ಮಸಾಲೆ ಸೀಸೆಯ ಕುತ್ತಿಗೆಗೂ ದಾರ ಕಟ್ಟಿ ಗಂಟು ಹಾಕಿದ್ದೆ. ಒಂದು ಗಂಟು ಕ್ಯಾಪ್ಟನ್‌ದು, ಬರೀ ಕಾಳುಮೆಣಸು. ಎರಡು ಗಂಟು ಬಣ್ಣ ಬಳಿಯೋ ಮೆಕ್ಸಿಕೊದವನದು, ಸುಟ್ಟ ಮೆಣಸಿನಕಾಯಿ. ಮೂರು ಗಂಟು ನಿನ್ನದು, ಅದರಲ್ಲಿ ಮಸಾಲೆಗಿಂತ ಸಕ್ಕರೆಯೇ ಹೆಚ್ಚು. ಇಂಜಿನ್ ರೂಮಿನಲ್ಲಿ ಬೆವೆತು ಬಂದವನು ಕರಿಗೆ ಸಕ್ಕರೆ ಕೇಳ್ತಾನೆ ಅಂದ್ರೆ ನಂಬೋರುಂಟೆ?

ಈ ಕಥೆಯನ್ನು ರಜೆಗೆ ಬಂದಾಗ ನಮ್ಮವಳಿಗೆ ಹೇಳಿದ್ದೆ. ಅವಳೂ ಮನೇಲಿ ಹಾಗೇ ಶುರು ಮಾಡಿದಳು. ಅವಳು ಹೋಗಿ ಎರಡು ವರ್ಷವಾಗ್ತಾ ಬಂತು, ಆ ಸೀಸೆಗಳು ಈಗಲೂ ಗೂಡಿನಲ್ಲಿವೆ. ಒಂದು ಗಂಟು ನನ್ನದು, ಎರಡು ಮಗಳದು, ಮೂರು ಮೊಮ್ಮಗಳದು.

ಈಗ ವಿಷಯಕ್ಕೆ ಬರ್ತೀನಿ. ಮೊಮ್ಮಗಳು ಕೇಳಿದ್ದು ಒಂದೇ. "ಅಜ್ಜ, ಯಾರಿಗೆ ಏನು ಇಷ್ಟವೋ ಎಲ್ಲ ಮಾಡು. ಒಂದು ಪಾತ್ರೆ ಮಾತ್ರ ಅಜ್ಜಿಗೆ ಇಷ್ಟವಾದ ಕರಿ ಇರಲಿ. ಅಜ್ಜಿ ಬಂದ ಹಾಗಿರುತ್ತೆ." ಅದೇನು ಮಹಾ, ನೀರು ಕುಡಿದಷ್ಟು ಸುಲಭ ಅಂದೆ.

ಮೊದಲು ತೆಂಗಿನ ಹಾಲಿನ ಮೀನು ಕರಿ ಮಾಡಿದೆ. ಮಗಳು ತಿಂದು, "ಅಪ್ಪಾ, ಇದು ನಿಮಗಿಷ್ಟ ಅಂತ ಅಮ್ಮ ಮಾಡ್ತಿದ್ದದ್ದು" ಅಂದಳು. ಕಡಲೆಕಾಯಿ ಅರೆದು ಮಾಡಿದೆ. "ಇದು ನನಗಿಷ್ಟ ಅಂತ." ಆಲೂಗಡ್ಡೆದು ಮಾಡಿದೆ, ಮೊಮ್ಮಗಳು ತಲೆ ತಗ್ಗಿಸಿ "ಇದು ನನಗೆ" ಅಂದಳು.

ಇವತ್ತು ಬೆಳಿಗ್ಗೆ ಗೂಡನ್ನೆಲ್ಲ ಖಾಲಿ ಮಾಡಿದೆ. ಹಿಂದುಗಡೆ ಒಂದು ಸೀಸೆ, ದಾರವಿಲ್ಲದ್ದು. ಸಿಕ್ಕಿಬಿದ್ದೆಯಲ್ಲ ಅಂದುಕೊಂಡೆ. ತನ್ನ ಸೀಸೆಗೆ ತಾನೇ ಯಾಕೆ ಗುರುತು ಹಾಕ್ಕೊಳ್ತಾಳೆ, ಅಲ್ವಾ? ಮೂಸಿದೆ. ದಾಲ್ಚಿನ್ನಿ, ಲವಂಗ, ಕೆಂಪು ಮೆಣಸಿನಕಾಯಿ, ಒಂಚೂರು ಅರಿಶಿನ. ಎಂಥಾ ಧೈರ್ಯದ ನಾಲಿಗೆ ಇವಳದು ಅಂತ ಹೆಮ್ಮೆಪಟ್ಟುಕೊಂಡು ಕೈತುಂಬ ಹಾಕಿ ಮಧ್ಯಾಹ್ನಕ್ಕೆ ಕರಿ ಮಾಡಿದೆ.

ಮೂವರೂ ಭಕ್ತಿಯಿಂದ ತಿಂದೆವು. ತುತ್ತಿಗೊಂದು ಗುಟುಕು ನೀರು ಕುಡಿದೆವು. ಕೊನೆಗೆ ಮಗಳು, "ಯಾವ ಪುಡಿ ಹಾಕಿದ್ರಿ?" ಅಂದಳು. ಸೀಸೆ ತೋರಿಸಿದೆ. ಅವಳು ನೋಡಿದಳು, ಕುರ್ಚಿ ಹಿಡ್ಕೊಂಡಳು, ನಗೋಕೆ ಶುರು ಮಾಡಿದಳು. "ಅಪ್ಪಾ, ಅದು ಇರುವೆಗೆ. ಸಕ್ಕರೆ ಡಬ್ಬಿ ಸುತ್ತ ಉದುರಿಸೋಕೆ ಅಮ್ಮ ಇಟ್ಕೊಂಡಿದ್ದ ಪುಡಿ." ಮೊಮ್ಮಗಳು ನೆಲದ ಮೇಲೇ ಕೂತು ನಕ್ಕಳು. ನಾನೂ ನಕ್ಕೆ ಮಾರಾಯ, ಹೊಟ್ಟೆ ಹಿಡ್ಕೊಂಡು. ಪಕ್ಕದ ಮನೆಯವರು ಏನಾಯ್ತು ಅಂತ ಬಾಗಿಲು ತಟ್ಟಿದರು. ನಮ್ಮವಳು ಹೋದ ಮೇಲೆ ಈ ಮನೇಲಿ ಇಷ್ಟು ನಗು ಇವತ್ತೇ ಕೇಳಿದ್ದು.

ಮದುವೆಗೆ ನೀವಿಬ್ಬರೂ ಬರಲೇಬೇಕು. ನಿನ್ನ ಸಕ್ಕರೆ ಕರಿಗೆ ಬೇರೆ ಪಾತ್ರೆ ಇಡ್ತೀನಿ, ಬೀಗರ ಮುಂದೆ ಮಾನ ಕಳೀಬೇಡ. ನಿನ್ನ ಮಕ್ಕಳು ಮೊಮ್ಮಕ್ಕಳ ತಟ್ಟೆ ಯಾವತ್ತೂ ಬಿಸಿಯಾಗಿರಲಿ. ತಂಗಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ
ಸೌಟು

ಮರೆತ ಮಾತು: ಇದನ್ನ ತಂಗಿಗೆ ಓದಿ ಹೇಳು. ನಗು ಎಲ್ಲ ಮುಗಿದ ಮೇಲೆ ಮೊಮ್ಮಗಳು ಸೀಸೆಗಳನ್ನ ಒರೆಸಿಡ್ತಾ, "ಇರುವೆಗೂ ಒಂದು ಸೀಸೆ ಇತ್ತು ಅಜ್ಜ, ಅಜ್ಜಿಗೇ ಇಲ್ಲ" ಅಂದಳು. ಮಗಳು ಎದ್ದು ಒಳಗೆ ಹೋದಳು. ಯಾವ ದೇಶದವನನ್ನ ಕರ್ಕೊಂಡು ಬಾ, ಅವನ ನಾಲಿಗೆಗೆ ಏನು ಬೇಕು ಅಂತ ಹೇಳ್ತೀನಿ. ಈ ಒಂದು ನಾಲಿಗೆ ನನಗೆ ಗೊತ್ತಿಲ್ಲ ಕಣೋ. ನಾವು ಸಮುದ್ರದಲ್ಲಿದ್ದಾಗ, ಮಕ್ಕಳು ಶಾಲೆಗೆ ಹೋದ ಮೇಲೆ, ಮಧ್ಯಾಹ್ನ ನಮ್ಮವಳು, ತಂಗಿ ಇಬ್ಬರೇ ಒಟ್ಟಿಗೆ ಉಣ್ತಿದ್ದರು. ಆಗ ಮೆಚ್ಚಿಸೋಕೆ ಎದುರಿಗೆ ಯಾರೂ ಇರಲಿಲ್ಲವಲ್ಲ. ತಂಗೀ, ಅವಳು ಏನು ತಿಂತಿದ್ದಳಮ್ಮ? ಖಾರ ಇಷ್ಟವಿತ್ತಾ, ಇರಲಿಲ್ವಾ, ಅಷ್ಟು ನೆನಪಿದ್ದರೂ ಸಾಕು. ಆ ಸೀಸೆ ತೊಳೆದು ಒಣಗಿಸಿ, ನಾಲ್ಕು ಗಂಟು ಹಾಕಿ ಇಟ್ಟಿದ್ದೀನಿ. ಒಳಗೆ ಏನು ತುಂಬಲಿ ಅಂತ ಬೇಗ ಬರೆದು ತಿಳಿಸು.