ಟೋಕನ್ ಯಂತ್ರದೊಳಗಿನ ದನಿ ಭಾಗಮ್ಮನದು

ಸೇಡಂ ರಸ್ತೆಯ ನಾಗರಿಕ ಸೇವಾ ಕೇಂದ್ರದ ಕಚೇರಿಯಲ್ಲಿ ಎಸಿ ಕೆಳಗೆ ಕೂತಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ಇಪ್ಪತ್ತು ಸಾವಿರ ಬಹುಮಾನವೆಂದು ಸಾರಿ, ಕೆಲಸ ಮಾಡಿಸಿಕೊಂಡು, ಈಗ ಕೈ ಎತ್ತಿದ್ದೀರಿ. ನಾನು ಇಂಜಿನಿಯರಿಂಗ್ ಮೊದಲ ವರ್ಷದವಳು; ಐದನೇ ಕ್ಲಾಸಿನಿಂದ ಹಾಸ್ಟೆಲ್ಲುಗಳಲ್ಲೇ ಬೆಳೆದು, ವಾರ್ಡನ್ ಕೆಮ್ಮಿದರೂ ಬೆವರುವವಳು. ಆದರೂ ಬರೆಯುತ್ತಿದ್ದೇನೆ.

ನಿಮ್ಮ ಟೋಕನ್ ಯಂತ್ರ ಓಡುವುದು ಯಾರೋ ಪುಣ್ಯಾತ್ಮರು ಜಗತ್ತಿಗೆಲ್ಲ ಬಿಟ್ಟುಕೊಟ್ಟ ಓಪನ್ ಸೋರ್ಸ್ ಸಾಫ್ಟ್‌ವೇರಿನ ಮೇಲೆ. ನಂಬರನ್ನು ನಮ್ಮ ಕಡೆಯ ಕನ್ನಡದಲ್ಲಿ ಕೂಗುವ ಫೀಚರ್ ಅದಕ್ಕೆ ಸೇರಿಸಬೇಕು, ಕೋಡನ್ನು ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಬೇಕು: ಷರತ್ತು ನಿಮ್ಮದೇ. ಕೋಡ್ ನಾನು ಬರೆದೆ. ದನಿ ಕೊಟ್ಟವಳು ನಮ್ಮ ಹಾಸ್ಟೆಲ್ಲಿನ ಅಡುಗೆಯ ಭಾಗಮ್ಮ, ಕಮಲಾಪುರದವಳು. ಮೂರು ಭಾನುವಾರ, ಸ್ಟೋರ್ ರೂಮಿನಲ್ಲಿ ಫ್ಯಾನ್ ಆಫ್ ಮಾಡಿಕೊಂಡು, ಒಂದರಿಂದ ಐನೂರರವರೆಗೆ ಹೇಳಿದಳು. ನಾನೂರು ದಾಟುವಾಗ, "ದಿನಕ್ಕ ಇಷ್ಟು ರೊಟ್ಟಿನೂ ಬಡಿಯಂಗಿಲ್ಲ ಯವ್ವಾ ನಾ," ಎಂದು ನಕ್ಕಿದ್ದೂ ರೆಕಾರ್ಡಾಗಿದೆ. ಅರ್ಧ ರೊಕ್ಕ ಅವಳದೆಂದು ಮಾತಾಗಿತ್ತು.

ಈಗ ಕಮಲಾಪುರದ ನಿಮ್ಮ ಶಾಖೆಯಲ್ಲೂ ಅದೇ ದನಿ. ನಾವಿಬ್ಬರೂ ರೊಕ್ಕ ಕೇಳಲು ಬಂದಾಗ ನೀವು ಏನಂದಿರಿ? "ಏನಮ್ಮಾ, ಇಂಟರ್ನೆಟ್ಟಿನ್ಯಾಗ ಎಲ್ಲಾರಿಗೂ ಪುಕ್ಕಟೆ ಸಿಗೂ ಸಾಮಾನಿಗಿ ರೊಕ್ಕ ಎದಕ್ಕ ಕೊಡಬೇಕು? ಅಡಿಗಿ ಮಾಡಾಕಿಗಿ ಬ್ಯಾರೆ ಪಾಲಾ?" ಸಿಬ್ಬಂದಿಯೆಲ್ಲ ನಕ್ಕರು. ಭಾಗಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು.

ಪುಕ್ಕಟೆ ಹಾಕು ಅಂದವರು ಯಾರು ಸಾರ್? ರಸ್ತೆಯಲ್ಲಿ ಎಲ್ಲರೂ ಪುಕ್ಕಟೆ ಓಡಾಡುತ್ತಾರೆಂದು ಡಾಂಬರು ಹಾಕಿದವರಿಗೆ ಕೂಲಿ ಇಲ್ಲವೇ? "ಸೇವೆ ಉಚಿತ" ಎಂದು ನಿಮ್ಮ ಬಾಗಿಲಿಗೇ ಬೋರ್ಡು ತೂಗಿದೆ. ಹಾಗಾದರೆ ತಾವು ಸಂಬಳ ಯಾಕೆ ತಗೋತೀರಿ?

ಒಂದು ಸಂಗತಿ ತಮಗೆ ಗೊತ್ತಿಲ್ಲ. ಕೋಡ್ ಎಲ್ಲರದು, ಅದನ್ನು ನಾನು ಹಿಂದಕ್ಕೆ ಕೇಳುವುದಿಲ್ಲ. ದನಿ ಮಾತ್ರ ಭಾಗಮ್ಮನದು. ಅದನ್ನು ಯಂತ್ರಕ್ಕೆ ಇಳಿಸಿಕೊಳ್ಳಲೂ ನಿಮ್ಮ ಟೆಕ್ನಿಶಿಯನ್ ಕುನಾಲ ಸೋಮಾರಿತನ ಮಾಡಿದ್ದಾನೆ. ಇವತ್ತಿಗೂ ಯಂತ್ರ ಪ್ರತಿ ನಂಬರಿನ ದನಿಯನ್ನೂ ಇಂಟರ್ನೆಟ್ಟಿನಲ್ಲಿರುವ ನನ್ನ ಅಕೌಂಟಿನಿಂದಲೇ ತಂದು ಕೂಗುತ್ತಿದೆ. ಈಗ ಓಡಬೇಡಿ, ಇಳಿಸಿಕೊಳ್ಳುವ ದಾರಿ ನಿನ್ನೆಯೇ ಮುಚ್ಚಿದ್ದೇನೆ.

ಅಳಿಸಿಬಿಡೋಣ ಎಂದೆ. ಭಾಗಮ್ಮ, "ಅಳಸಬ್ಯಾಡ. ಇನ್ನೊಂದ್ ಮಾತು ಸೇರಸು," ಎಂದಳು.

ಸೋಮವಾರ ಹನ್ನೊಂದರೊಳಗೆ ಅವಳ ಹತ್ತು ಸಾವಿರ, ನನ್ನ ಹತ್ತು ಸಾವಿರ ಜಮಾ ಆಗಬೇಕು. ಕ್ಷಮೆಯನ್ನು ಅವಳೆದುರು ನಿಂತು ಕೇಳಬೇಕು. ಇಲ್ಲವಾದರೆ ಹನ್ನೊಂದಕ್ಕೆ ಸರಿಯಾಗಿ, ಎರಡೂ ಕಚೇರಿ ತುಂಬಿ ತುಳುಕುವಾಗ, ಪ್ರತಿ ಟೋಕನ್ನಿಗೂ ಅವಳ ಹೊಸ ರೆಕಾರ್ಡಿಂಗ್ ಮೊಳಗುತ್ತದೆ: "ನಂಬರ್ ನಲವತ್ತೊಂದು, ಒಳಗ ಬರ್ರಿ. ಸಾಹೇಬ್ರು ನನ್ನ ರೊಕ್ಕ ಕೊಟ್ಟಿಲ್ಲ, ನಿಮ್ಮ ಕೆಲಸರೆ ಮಾಡ್ತಾರೇನ್ ಕೇಳ್ರಿ."

ಇಂತಿ,
ಹೆಸರು ಹಾಕಬೇಡವೆಂದು ರೂಮ್‌ಮೇಟ್‌ಗಳು ಕೈ ಹಿಡಿದರೂ, ಹೆದರುತ್ತಲೇ ಹಾಕಿದ
ಮುಸ್ಕಾನ್
ಕಲಬುರಗಿ