ಆರನೆಯ ಪುಟಕ್ಕಾಗಿ ಒಂದು ಸಾಲು

ಹೊಸ ಎಣಿಕೆಯ ನೂರ ಹದಿನೇಳನೆಯ ವರ್ಷ
ಎರಡನೆಯ ಶ್ರಾವಣ, ನಲವತ್ತನೆಯ ದಿನ
ಕೆಲಗೇರಿ, ಧಾರವಾಡ

ಮಂದಾಕಿನಿ ಮುಳಗುಂದ ಬಾಯಿಯವರಿಗೆ ಫಕೀರವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕಾಗದವನ್ನು ಮಡಿಚಿ ಇಡಬೇಡಿರಿ. ನಮ್ಮ ಕಡೆ ಮಳೆ ಬೀಳುವ ತನಕ ಶ್ರಾವಣವನ್ನು ಮುಗಿಸುವುದಿಲ್ಲ, ಹಾಗಾಗಿ ನಲವತ್ತು ದಿನಗಳಾದರೂ ಅದೇ ತಿಂಗಳು ನಡೆದಿದೆ. ನಿಮ್ಮ ಲೆಕ್ಕದಲ್ಲಿ ಇದು ಸುಮಾರು ನೂರ ಎಪ್ಪತ್ತು ವರ್ಷ ಮುಂದಿನ ದಿನ. ನಾನು ಏಳನೆಯ ಇಯತ್ತೆವರೆಗೆ ಓದಿದವಳು. ದಿನಾ ನಾಲ್ಕು ಸಾಲು ದಿನಚರಿ ಬರೆಯುವ ರೂಢಿ ಬಿಟ್ಟರೆ ಬರವಣಿಗೆಯ ಅಭ್ಯಾಸವಿಲ್ಲ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತದೆ. ಹಿನ್ನಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆಂದು ಅಂಚೆಯವರಿಗೂ ಸರಿಯಾಗಿ ಗೊತ್ತಿದ್ದಂತಿಲ್ಲ. ಸಾವಾದ ಮನೆಗೆ ಒಂದೇ ಕಾಗದಕ್ಕೆ ಅವಕಾಶ. ಉತ್ತರ ಬರುವುದಿಲ್ಲ. ನಮ್ಮ ಮನೆಯಲ್ಲಿ ಹೋದವಳು ನನ್ನ ತಂಗಿ ಸಾವಂತ್ರಿ. ಮೂವತ್ತನಾಲ್ಕು ವರ್ಷದವಳು. ಅವಳು ಹೋಗಿ ಇಂದಿಗೆ ಹತ್ತೊಂಬತ್ತು ದಿನ.

ಅವಳು ಮರಗಿವಿಯಾಗಿದ್ದಳು. ಮರಗಿವಿ ಎಂದರೆ ಮಾವಿನ ಮರದೊಳಗೆ ಹುಳ ಹೊಕ್ಕಿದೆಯೇ ಎಂದು ಸದ್ದು ಕೇಳಿ ಹೇಳುವವರು. ನಮ್ಮ ಊರಲ್ಲಿ ಈಗ ನಾಲ್ಕುನೂರ ಹನ್ನೆರಡು ಆಪೂಸ್ ಮರಗಳು ಉಳಿದಿವೆ, ಒಂದೊಂದಕ್ಕೂ ನಂಬರಿನ ಬಿಲ್ಲೆ ಇದೆ. ಕಾಂಡಕೊರಕ ಹುಳ ಹೊಕ್ಕದ್ದು ತಡವಾಗಿ ತಿಳಿದರೆ ಆ ಮರವನ್ನೂ ಅದರ ಸುತ್ತಲಿನ ಆರು ಮರಗಳನ್ನೂ ಕಡಿದು ಸುಡಬೇಕೆಂದು ಕಾಯಿದೆ. ಬೇಗ ತಿಳಿದರೆ ತೂತಿನಲ್ಲಿ ತಂತಿ ಹಾಕಿ ಹುಳವನ್ನು ಹೊರಗೆಳೆದು, ಮಣ್ಣು ಮೆತ್ತಿದರೆ ಸಾಕು. ಮುಂಜಾನೆ ನಾಲ್ಕಕ್ಕೆ ಎದ್ದು ಅವಳು ತೋಟಕ್ಕೆ ಹೋಗುತ್ತಿದ್ದಳು, ಏಕೆಂದರೆ ಹತ್ತು ಗಂಟೆಗೆ ನೆರಳುವೇಳೆ ಶುರುವಾಗುತ್ತದೆ. ಆಮೇಲೆ ಸಂಜೆ ಐದರ ತನಕ ಯಾರೂ ಬಯಲಿಗೆ ಕಾಲಿಡುವಂತಿಲ್ಲ. ನಾನು ನೆರಳುವೇಳೆಗಾಗಿ ಕಿಟಕಿ ಬಾಗಿಲುಗಳ ದಪ್ಪ ಪರದೆ ಹೊಲಿಯುತ್ತೇನೆ. ಅವಳು ಬಂದು ಅದೇ ಪರದೆಗಳ ರಾಶಿಯ ಮೇಲೆ ಅಡ್ಡಾಗಿ, ಮರದ ಸದ್ದು ಹಿಡಿಯುವ ತನ್ನ ಯಂತ್ರದ ಗುಂಡಿಯನ್ನು ನನ್ನ ಕಿವಿಗೆ ಒತ್ತಿ ಹಿಡಿಯುತ್ತಿದ್ದಳು. ಅದರೊಳಗೆ ಮುಂಜಾನೆಯ ಸದ್ದು ತುಂಬಿಟ್ಟಿರುತ್ತಿತ್ತು.

"ಕೇಳಿಲ್ಲೆ ಅಕ್ಕಾ. ಹಪ್ಪಳಾ ಮುರದಂಗ ಕೇಳತೈತಿ ನೋಡು. ಇನ್ನೂ ಸಣ್ಣದೈತಿ, ಹಲ್ಲ ಬಂದು ಎಂಟ ದಿನಾ ಆಗಿರಬೇಕು."

"ಊರ ಮಂದಿಗೆ ಮಕ್ಕಳ ಹಲ್ಲಿನ ಚಿಂತಿ, ನಿನಗ ಹುಳದ ಹಲ್ಲಿನ ಚಿಂತಿ," ಎಂದು ನಾನು ಬೈಯುತ್ತಿದ್ದೆ. ಹಾಗೆ ಬೈದದ್ದು ಎಷ್ಟು ಸಲವೋ.

ಇನ್ನು ನಿಮ್ಮ ವಿಷಯ. ನಿಮ್ಮ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಬಲು ಕಡಿಮೆ ಕರೆಂಟಿನಲ್ಲಿ ಬಲು ಸಣ್ಣ ಸದ್ದನ್ನು ದೊಡ್ಡದು ಮಾಡುವ ನಿಮ್ಮ ವರ್ಧಕ ಈಗ ಎಲ್ಲದರಲ್ಲಿಯೂ ಇದೆ. ನಮ್ಮ ಪಕ್ಕದ ಮನೆಯ ಹುಸೇನಬಿ ಚಿಗವ್ವನ ಕಿವಿಯಲ್ಲಿದೆ, ನೀರಿನ ಕೊಳವೆಯ ಸೋರಿಕೆ ಹುಡುಕುವ ಕೋಲಿನಲ್ಲಿದೆ, ತೊಟ್ಟಿಲಲ್ಲಿ ಕೂಸಿನ ಉಸಿರು ಕೇಳುವ ಗುಂಡಿಯಲ್ಲಿದೆ. ಆ ವರ್ಧಕದ ಪೇಪರನ್ನು ನಲವತ್ತೊಂದು ಸಾವಿರ ಬೇರೆ ಪೇಪರುಗಳು ಉಲ್ಲೇಖಿಸಿವೆಯಂತೆ. ಆದರೆ ಅದಕ್ಕೂ ಮೊದಲು ನೀವು ಆರು ಪುಟದ ಇನ್ನೊಂದು ಪೇಪರ್ ಬರೆದಿದ್ದಿರಿ, ಮಾವಿನ ಕಾಂಡಕೊರಕ ಹುಳ ಮರವನ್ನು ಅಗಿಯುವ ಸದ್ದಿನ ಬಗ್ಗೆ. ಅದನ್ನು ಉಲ್ಲೇಖಿಸಿದವರು ಹತ್ತು ಮಂದಿಯೂ ಇದ್ದಂತಿಲ್ಲ.

ದೊಡ್ಡ ಕಾವಿನ ವರ್ಷಗಳಲ್ಲಿ ಕರೆಂಟು ಸಾಲದೆ ಹಳೆಯ ಬರಹಗಳನ್ನೆಲ್ಲ ಕಾಪಾಡುವುದು ಆಗಲಿಲ್ಲ. ಆಗ ಹತ್ತರ ಗೆರೆ ಎಂಬುದನ್ನು ಎಳೆದರು. ಹತ್ತು ಉಲ್ಲೇಖಗಳಿಗಿಂತ ಕಡಿಮೆ ಇದ್ದುದನ್ನು ಅಳಿಸಿದರು. ಗೆರೆಯ ಮೇಲಿನ ಯಾವುದಾದರೂ ಪೇಪರ್ ಹೆಸರಿಸಿದ್ದರೆ ಮಾತ್ರ ಅಂಥದ್ದನ್ನು ಉಳಿಸಿಕೊಂಡರು. ನಿಮ್ಮ ಹುಳದ ಪೇಪರನ್ನು ಗೆರೆಯ ಮೇಲಿನ ಯಾರೂ ಹೆಸರಿಸಿರಲಿಲ್ಲ. ನೀವೂ ಹೆಸರಿಸಿರಲಿಲ್ಲ.

ಸಾವಂತ್ರಿಗೆ ಅದು ಸಿಕ್ಕದ್ದು ಹಳೆಯ ಕೃಷಿ ಕಾಲೇಜಿನ ಕೀಟದ ಪೆಟ್ಟಿಗೆಯಲ್ಲಿ. ಸತ್ತ ದುಂಬಿಗಳ ಕೆಳಗೆ ಹಾಸಿದ ಕಾಗದಗಳು ಅವು. ಐದು ಹಾಳೆ ಇದ್ದವು, ಆರನೆಯದು ಇರಲಿಲ್ಲ. ಮೊದಲ ಪುಟದಲ್ಲಿ ಹೀಗೆ ಅಚ್ಚಾಗಿದೆ: ಮರ ಹತ್ತದೆ ಬುಡದಲ್ಲಿಯೇ ನಿಂತು ಮೇಲಿನ ಕೊಂಬೆಯ ಹುಳದ ಸದ್ದನ್ನು ಕೇಳುವ ವಿಧಾನವನ್ನು ಆರನೆಯ ಪುಟದಲ್ಲಿ ವಿವರಿಸಿದೆ. ಐದನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನ ಬರಹವಿದೆ. "ವರ್ಧಕದ ಪೇಪರಿನಲ್ಲಿ ಇದರ ಹೆಸರು ಹಾಕಿದ್ದೆ. ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುವುದು ಚೆನ್ನಾಗಿ ಕಾಣುವುದಿಲ್ಲ, ಹುಳದ ಪೇಪರ್ ಬೇರೆ, ಎಂದರು. ತೆಗೆದೆ." ಕೆಳಗೆ ನಿಮ್ಮ ಸಹಿ. ಯಾರು ಹಾಗೆಂದರೋ ಬರೆದಿಲ್ಲ. ನಿಮಗಿಂತ ಹಿರಿಯರಿರಬೇಕು.

ನನ್ನ ತಂಗಿ ಆ ಐದು ಪುಟಗಳ ಮೇಲೆ ಹನ್ನೊಂದು ವರ್ಷ ದುಡಿದಳು. ಹುಳದ ವಯಸ್ಸನ್ನು ಅಗಿತದಿಂದ ಹೇಳುವುದನ್ನು ಕಲಿತಳು, ಅದನ್ನು ಬರೆದಿಟ್ಟಳು. ಬುಡದಲ್ಲಿ ನಿಂತು ಕೇಳುವುದು ಮಾತ್ರ ಅವಳಿಗೆ ಕೈಹತ್ತಲಿಲ್ಲ. ಗಾಳಿಯ ಸದ್ದು, ಬೇರಿನ ನೀರಿನ ಸದ್ದು ಎಲ್ಲ ಕಲಸಿ ಬರುತ್ತದೆ ಎನ್ನುತ್ತಿದ್ದಳು. "ಆ ಬಾಯಾರಿಗೆ ಗೊತ್ತಿತ್ತು ಅಕ್ಕಾ. ಒಂದ ಹಾಳಿ, ಒಂದ ಹಾಳಿ ಸಾಲಲಿಲ್ಲ ನೋಡು ನನಗ." ಹೀಗೆ ಹೇಳಿ ನಗುತ್ತಿದ್ದಳು. ಆದ್ದರಿಂದ ಪ್ರತಿ ಮರವನ್ನೂ ಹತ್ತುತ್ತಿದ್ದಳು. ಈ ಶ್ರಾವಣದ ಇಪ್ಪತ್ತೊಂದನೆಯ ದಿನ ಇನ್ನೂರ ಆರನೆಯ ಮರದ ಕೊಂಬೆ ಮುರಿಯಿತು. ಒಳಗೆಲ್ಲ ಪೊಳ್ಳಾಗಿತ್ತು. ಕೆಳಗೆ ಕಲ್ಲಿನ ಕಟ್ಟೆ ಇತ್ತು.

ನಮ್ಮಲ್ಲಿ ಬೇರೋದು ಎಂಬ ಪದ್ಧತಿ ಇದೆ. ತಿಳಿವಳಿಕೆಯ ಕೆಲಸ ಮಾಡಿದವರು ಸತ್ತರೆ, ಅವರು ಯಾರ ಬರಹದ ಮೇಲೆ ನಿಂತಿದ್ದರೋ ಆ ಬೇರಿನ ಹೆಸರನ್ನು ಬೇರುಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಬೇರುಮನೆ ಎಂದರೆ ಬರಹಗಳನ್ನು ಕಾಯುವ ಕಚೇರಿ. ಓದಿದ ಮೇಲೆ ಸತ್ತವರ ಕೆಲಸವನ್ನು ಅವರ ಹೆಸರಿನಲ್ಲಿ ಸೇರಿಸಿಕೊಳ್ಳುತ್ತಾರೆ. ಬೇರು ಸಿಗದಿದ್ದರೆ ಅದು ಕಟ್ಟುಕತೆ ಎಂದು ತೆಗೆದುಹಾಕುತ್ತಾರೆ. ನಾನು ಐದು ಹಾಳೆಗಳನ್ನು ಹಿಡಿದುಕೊಂಡು ಹೋದೆ. ಅಲ್ಲಿನ ಗುಮಾಸ್ತ ಶಿವಪುತ್ರಪ್ಪ ಒಳ್ಳೆಯ ಮನುಷ್ಯ, ನನಗೆ ಕೂರಲು ಸ್ಟೂಲು ಕೊಟ್ಟ.

"ಯವ್ವಾ, ಇದು ನಮ್ಮ ಪಟ್ಟಿಯೊಳಗ ಇಲ್ಲ. ಪಟ್ಟಿಯೊಳಗ ಇರೂ ಮುಳಗುಂದ ಬಾಯಾರು ಎಲೆಕ್ಟ್ರಾನಿಕ್ಸಿನವರು. ಅಷ್ಟ ದೊಡ್ಡವರು ಹುಳದ ಬೆನ್ನ ಯಾಕ ಹತ್ತತಾರ? ಇವರು ಬ್ಯಾರೇ ಯಾರೋ ಇರಬೇಕು."

"ಅಂಚಿನ್ಯಾಗ ವರ್ಧಕದ ಮಾತು ಬರದು ಸಹಿ ಹಾಕ್ಯಾರಲ್ಲೊ ಯಪ್ಪಾ."

"ಸಹಿ ಪೆನ್ಸಿಲಿಂದು. ಪೆನ್ಸಿಲ್ ನಾನೂ ಹಿಡೀಬಲ್ಲೆ." ಆಮೇಲೆ ಹಾಳೆಗಳನ್ನು ನನ್ನ ಕೈಗೆ ಮರಳಿಸಿ, ಶ್ರಾವಣದ ನಲವತ್ತೆರಡನೆಯ ದಿನದ ತನಕ ಕಾಯುತ್ತೇನೆ, ಗೆರೆಯ ಮೇಲಿನ ಒಂದೇ ಒಂದು ಪೇಪರಿನಲ್ಲಿ ಇದರ ಹೆಸರು ತೋರಿಸಿದರೆ ಸಾಕು ಎಂದ.

ಹಾಗಾಗಿ ನಿಮಗೆ ಬರೆಯಲು ಕೂತೆ. ವರ್ಧಕದ ಪೇಪರ್ ಇನ್ನೂ ನಿಮ್ಮ ಮೇಜಿನ ಮೇಲೆಯೇ ಇರುವ ದಿನಕ್ಕೆ ಇದನ್ನು ಮುಟ್ಟಿಸಿರೆಂದು ಅಂಚೆಯವರನ್ನು ಕೇಳಿಕೊಂಡಿದ್ದೇನೆ. ಒಂದು ಸಾಲು ಸೇರಿಸಿರಿ, ನನ್ನ ತಂಗಿಯ ಹೆಸರು ಉಳಿಯುತ್ತದೆ ಎಂದು ಬರೆದು ಮುಗಿಸಬೇಕೆಂದಿದ್ದೆ. ನಿನ್ನೆ ನೆರಳುವೇಳೆಯಲ್ಲಿ ಹುಸೇನಬಿ ಚಿಗವ್ವ ಬಂದು ಪರದೆಯ ಅಂಚು ಹಿಡಿದು ಕೂತಳು. ಆಕೆಗೆ ಕರಡನ್ನು ಓದಿ ಹೇಳಿದೆ. ಅರ್ಧಕ್ಕೇ ನನ್ನನ್ನು ತಡೆದಳು.

"ತಡಿ ತಡಿ. ಆ ಬಾಯಾರು ಸಾಲು ಬರದ್ರ ಆರನೇ ಹಾಳಿ ಉಳೀತೈತಿ, ಹೌದಿಲ್ಲೊ?"

"ಹೌದು."

"ಹಾಳಿ ಉಳದ್ರ ಸಾವಂತ್ರಿ ಮರಾ ಯಾಕ ಹತ್ತತಾಳ?"

ಇಷ್ಟು ದಿನ ನನಗೆ ಹೊಳೆಯದ ಮಾತು ಅದು. ಚಿಗವ್ವ ಇನ್ನೂ ಹೇಳಿದಳು, "ಬುಡದಾಗ ನಿಂತ ಕೇಳತಾಳ, ಮನಿಗೆ ಬರತಾಳ, ನಿನ್ನ ಕೂಡ ಜಗಳಾ ಆಡತಾಳ. ನೀ ಹೆಸರಿಗೆ ಅಳಾಕತ್ತಿ."

ಅಲ್ಲಿಂದ ನನ್ನ ತಲೆ ನೆಟ್ಟಗಿಲ್ಲ, ಬಾಯಿಯವರೆ. ನೂರ ಎಪ್ಪತ್ತು ವರ್ಷ ಆರನೆಯ ಪುಟ ಎಲ್ಲರ ಕೈಯಲ್ಲಿದ್ದರೆ ನನ್ನ ತಂಗಿ ಮಾಡಿದ್ದನ್ನು ಯಾರೋ ಎಂದೋ ಮಾಡಿ ಮುಗಿಸಿರುತ್ತಾರೆ. ಅವಳು ಕಂಡುಹಿಡಿಯಲು ಏನೂ ಉಳಿದಿರುವುದಿಲ್ಲ. ಆ ಹನ್ನೊಂದು ವರ್ಷಗಳು ಎಲ್ಲಿಗೆ ಹೋಗುತ್ತವೆ? ಅವಳು ತನ್ನ ಬರಹವನ್ನು ಮುಗಿಸಿದ ದಿನ ಅವಲಕ್ಕಿಗೆ ಒಗ್ಗರಣೆ ಹಾಕಿ ಓಣಿಗೆಲ್ಲ ಹಂಚಿದ್ದಳು, ಆ ದಿನ ಇರುತ್ತದೋ ಇಲ್ಲವೋ? ಅವಳು ಬದುಕಿದ್ದರೆ ನಾನು ಈ ಕಾಗದ ಬರೆಯುವುದಿಲ್ಲ. ನಾನು ಬರೆಯದಿದ್ದರೆ ನೀವು ಸಾಲು ಸೇರಿಸುವುದಿಲ್ಲ. ಸೇರಿಸದಿದ್ದರೆ ಅವಳು ಮರ ಹತ್ತುತ್ತಾಳೆ. ಅಂಚೆಯವರನ್ನು ಕೇಳಿದೆ. ಹಾಗೆಲ್ಲ ಯೋಚನೆ ಮಾಡಿದರೆ ಯಾರೂ ಕಾಗದ ಹಾಕುವುದಿಲ್ಲ ತಾಯಿ, ಎಂದರು. ಇದು ಉತ್ತರವೋ ಅಲ್ಲವೋ ತಿಳಿಯಲಿಲ್ಲ.

ಅವಳನ್ನೇ ಕೇಳುವಂತಿದ್ದರೆ ಏನು ಹೇಳುತ್ತಿದ್ದಳೋ. ಹೆಸರೇ ಬೇಕು ಎಂದಾಳೇನೋ ಎಂಬ ಅಂಜಿಕೆ ನನಗಿದೆ. ಆ ಐದು ಹಾಳೆಗಳನ್ನು ಅವಳು ನನಗಿಂತ ಹೆಚ್ಚು ಹಚ್ಚಿಕೊಂಡಿದ್ದಳು. ಆದರೆ ಬರೆಯುತ್ತಿರುವವಳು ನಾನು, ಕಾಗದ ಒಂದೇ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಹಿರಿಯರು ಏನೇ ಅನ್ನಲಿ, ವರ್ಧಕದ ಪೇಪರಿನಲ್ಲಿ ಇಷ್ಟು ಬರೆಯಿರಿ: ಇದನ್ನು ಮೊದಲು ಮಾಡಿದ್ದು ಮಾವಿನ ಮರದ ಹುಳದ ಸದ್ದನ್ನು ಕೇಳುವುದಕ್ಕೆ. ಕೆಳಗೆ ಆ ಆರು ಪುಟಗಳ ಹೆಸರು ಹಾಕಿರಿ. ಅದು ಚೆನ್ನಾಗಿ ಕಾಣದಿದ್ದರೆ ಕಾಣದೆ ಹೋಗಲಿ. ನಾಡಿದ್ದು ನಾನು ಬೇರುಮನೆಗೆ ಹೋಗುವುದಿಲ್ಲ. ನನ್ನ ತಂಗಿ ಯಾವ ಪಟ್ಟಿಯಲ್ಲಿಯೂ ಸಿಗದ, ಯಾರಿಗೂ ಗೊತ್ತಿಲ್ಲದ ಹೆಂಗಸಾಗಿ ಈ ಓಣಿಯಲ್ಲಿ ಮುದುಕಿಯಾಗಲಿ.

ಸಾವಂತ್ರಿಯ ಅಕ್ಕ,
ಫಕೀರವ್ವ